ನವನಗರದಲ್ಲಿ ನಿಂತ ಎಪ್ಪತ್ತನೇ ವಾರ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಮೂರು ದಿನ ಕ್ರೈಸ್ತರ ಅಂತ್ಯಕಾಲದ ಪ್ರವಾದನಾ ಕೂಟ ನಡೆಯಿತು, ಲೋಕ ಯಾವಾಗ ಮುಗಿಯುತ್ತದೆ ಅಂತ ಬೈಬಲಿನಿಂದ ಲೆಕ್ಕ ಹಾಕುವ ಕೂಟ. ನಾನು ಹೋಗಿದ್ದು ಚಹಾ, ಮಿರ್ಚಿ ಭಜಿ ಇರುತ್ತದೆ ಅಂತ. ಸುಳ್ಳು ಯಾಕೆ ಹೇಳಲಿ? ಜೊತೆಗೆ ಕಾಕಾ ಇದ್ದರು. ಹಾವೇರಿ ಜಿಲ್ಲೆಯ ದೇವರಗುಡ್ಡದ ಹತ್ತಿರ ಮೆಕ್ಕೆಜೋಳ ಬೆಳೆಯುವ ಮನುಷ್ಯ. ಕಣ್ಣಿನ ಪೊರೆ ತೆಗೆಸಲು ಬಂದಿದ್ದರು. ವೇದಿಕೆಯ ಫ್ಲೆಕ್ಸ್ ಹಿಂದಿನ ಸಾಲಿನಿಂದಲೇ ಸ್ಪಷ್ಟವಾಗಿ ಕಂಡಿದ್ದಕ್ಕೆ ಅವರಿಗೆ ಬಹಳ ಖುಷಿ.

ಕಾಣದೆ ಏನು, ಮೂವತ್ತು ಅಡಿ ಉದ್ದ! ಎಡತುದಿಯಲ್ಲಿ ಆದಾಮ, ಬಲತುದಿಯಲ್ಲಿ ಬೆಂಕಿಯ ಕೆರೆ. ನಡುವೆ ಬಾಣಗಳು, ಏಳು ತಲೆಯ ಮೃಗ, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಮೋಡದೊಳಗೆ ಏರುತ್ತಿರುವ ಜನ. ಭಾಷಣಕಾರರ ಕೈಯಲ್ಲಿ ಕೋಲು.

ಮೊದಲು ಬೈಬಲಿನ ದಾನಿಯೇಲನ ಪುಸ್ತಕದ ಒಂಬತ್ತನೇ ಅಧ್ಯಾಯ. ಅಲ್ಲಿ ಎಪ್ಪತ್ತು ವಾರ ಅಂತಿದೆ. ಒಂದು ವಾರಕ್ಕೆ ಏಳು ವರ್ಷ ಹಿಡಿಯಿರಿ, ಒಟ್ಟು 490 ವರ್ಷ. ಅರವತ್ತೊಂಬತ್ತು ವಾರ ಸರಸರ ಓಡಿ ಯೇಸುವಿನ ಕಾಲಕ್ಕೆ ಬಂದು ಮುಟ್ಟುತ್ತವೆ. ಅಲ್ಲಿ ಗಡಿಯಾರ ಬಂದ್! ಎಪ್ಪತ್ತನೇ ವಾರ ಇನ್ನೂ ಶುರುವೇ ಆಗಿಲ್ಲವಂತೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಬಸ್ಸು ನವನಗರದಲ್ಲಿ ನಿಂತಿದೆ, ಎರಡು ಸಾವಿರ ವರ್ಷವಾಯಿತು, ಡ್ರೈವರ್ ಚಹಾಕ್ಕೆ ಹೋಗಿದ್ದಾನೆ. ಹಾಗಾದರೆ ಈ ಎರಡು ಸಾವಿರ ವರ್ಷ ಹುಟ್ಟಿ, ಪ್ರಾರ್ಥನೆ ಮಾಡಿ, ಸತ್ತ ನಾವೆಲ್ಲ ಯಾರು? ನಾವು ಸಭೆ, ಕ್ರಿಸ್ತನನ್ನು ನಂಬಿದವರ ಕೂಟ. ಅಂದರೆ ನಡುವೆ ಬಂದ ಕಂಸ, ಬ್ರಾಕೆಟ್ಟು. ಬಸ್ಸು ಇಸ್ರಾಯೇಲಿನದು, ನಾವು ಸ್ಟಾಪಿನಲ್ಲಿ ಶೇಂಗಾ ಮಾರುವವರು. ನಮ್ಮನ್ನು ಮೇಲಕ್ಕೆ ಎತ್ತಿಕೊಂಡ ಮೇಲೆ ಬಸ್ಸು ಮತ್ತೆ ಹೊರಡುತ್ತದೆ.

ಇದು ಅಪೊಸ್ತಲರ ಕಾಲದಿಂದ ಬಂದ ಮಾತು ಅಂತ ಭಾಷಣಕಾರರು ಹೇಳಿದರು. ಆದರೆ ಇಸ್ರಾಯೇಲ್ ಬೇರೆ, ಸಭೆ ಬೇರೆ, ಸಭೆ ಮೊದಲು ಮೋಡಕ್ಕೆ ಹೋಗುತ್ತದೆ ಅನ್ನುವ ಈ ಪಾಠವನ್ನು ಕಟ್ಟಿ ನಿಲ್ಲಿಸಿದ್ದು 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಅನ್ನುವ ಆಂಗ್ಲೋ-ಐರಿಷ್ ಬೋಧಕ. 1909ರಲ್ಲಿ ಅಮೆರಿಕದ ಬೋಧಕ ಸ್ಕೋಫೀಲ್ಡ್ ಅದನ್ನು ಬೈಬಲಿನ ಪುಟದ ಕೆಳಗೆ ಟಿಪ್ಪಣಿಯಾಗಿ ಅಚ್ಚು ಹಾಕಿಸಿದ. ಮೇಲೆ ವಚನ, ಕೆಳಗೆ ಟಿಪ್ಪಣಿ. ಓದುವವರು ಎರಡನ್ನೂ ಕಲಸಿ ಉಂಡರು.

ಅಪೊಸ್ತಲ ಪೌಲನೋ, ರೋಮಾಪುರದವರಿಗೆ ಬರೆದ ಪತ್ರದ ಹನ್ನೊಂದನೇ ಅಧ್ಯಾಯದಲ್ಲಿ ಒಂದೇ ಎಣ್ಣೆಮರದ ಮಾತಾಡುತ್ತಾನೆ. ಅನ್ಯಜನರು ಅದಕ್ಕೆ ಕಸಿ ಕಟ್ಟಿದ ಕಾಡುಕೊಂಬೆ. ಕಾಕಾ ಎದ್ದು ನಿಂತರು. "ಅಲ್ರೀ, ಆಪೂಸಿಗೆ ಕಸಿ ಕಟ್ಟಿದ ಮ್ಯಾಲ ಗಿಡ ಒಂದ ಅಲ್ಲೇನ್ರಿ? ನೀವು ಎರಡು ಗಿಡ ಹಚ್ಚೀರಲ್ಲ?"

"ಪ್ರಶ್ನೋತ್ತರ ಮೂರನೇ ದಿನ" ಅಂದರು ಭಾಷಣಕಾರರು.

ಎರಡನೇ ದಿನ ಯೆಹೆಜ್ಕೇಲ 38, ಗೋಗ ಅನ್ನುವವನು ಇಸ್ರಾಯೇಲಿನ ಮೇಲೆ ದಂಡೆತ್ತಿ ಬರುವ ಅಧ್ಯಾಯ. ಅಲ್ಲಿನ ಹೆಸರುಗಳಿಗೆ ಇವರ ಅರ್ಥ ಬೇರೆ. ರೋಷ್ ಅಂದರೆ ರಷ್ಯಾ, ಮೆಷೆಕ್ ಅಂದರೆ ಮಾಸ್ಕೋ, ತೂಬಲ್ ಅಂದರೆ ತೊಬೋಲ್ಸ್ಕ್. ಹೀಬ್ರೂವಿನಲ್ಲಿ ರೋಷ್ ಅಂದರೆ ತಲೆ ಅಂತಷ್ಟೇ, ಇರಲಿ ಬಿಡಿ. ಲೂಥರನ ಕಾಲಕ್ಕೆ ಗೋಗ ಅಂದರೆ ತುರ್ಕರಾಗಿದ್ದರು. ಕಲಘಟಗಿಯಿಂದ ಬಂದ ಹುಡುಗನೊಬ್ಬ ಕೈ ಎತ್ತಿದ: "ಸರ್, ಹಂಗಾದ್ರ ಮೆಷೆಕ್ ನಮ್ಮ ಮಿಶ್ರಿಕೋಟಿ, ತೂಬಲ್ ತಬಕದಹೊನ್ನಿಹಳ್ಳಿ ಯಾಕ ಆಗಬಾರದ್ರಿ? ಗೋಗಕ್ಕ ಗದಗ ಐತಲ್ಲ." ಅವನನ್ನೂ ಮೂರನೇ ದಿನಕ್ಕೆ ದೂಡಿದರು.

ಆಮೇಲೆ ಕಡಸಿನ ಸುದ್ದಿ. ಜೆರೂಸಲೇಮಿನ ದೇವಾಲಯ ಮತ್ತೆ ಏಳುವ ಮೊದಲು ಶುದ್ಧೀಕರಣ ಆಗಬೇಕಂತೆ, ಅದಕ್ಕೆ ಬೈಬಲಿನ ಅರಣ್ಯಕಾಂಡ 19ರ ಪ್ರಕಾರ ಪೂರ್ತಿ ಕೆಂಪಗಿರುವ, ನೊಗ ಹೊರದ ಕಡಸು ಬೇಕು. 2022ರಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ಅಂಥ ಐದು ಕಡಸುಗಳು ವಿಮಾನದಲ್ಲಿ ಇಸ್ರೇಲಿಗೆ ಹೋದವು. ಇದು ನಿಜ, ಯಾರೋ ಕಟ್ಟಿದ ಕಥೆಯಲ್ಲ. ಬೇರೆ ಬಣ್ಣದ ಎರಡು ಕೂದಲಿದ್ದರೂ ಕಡಸು ನಪಾಸಾಗುತ್ತದೆ. ಹಾವೇರಿ ದನದ ಪೇಟೆಯಲ್ಲಿ ಅರ್ಧ ಆಯುಷ್ಯ ಕಳೆದ ಕಾಕಾ ನನ್ನ ಕಿವಿಯಲ್ಲಿ ಕೇಳಿದರು: "ಕಡಸಿಗೆ ನೊಗ ಯಾರ್ ಹಾಕ್ತಾರಲೇ?"

ಮೂರನೇ ದಿನ ವರ್ಷದ ಲೆಕ್ಕ. 1948ರಲ್ಲಿ ಇಸ್ರೇಲ್ ದೇಶವಾಯಿತು, ಅಂದರೆ ಯೇಸು ಅಂತ್ಯದ ಗುರುತಾಗಿ ಹೇಳಿದ ಅಂಜೂರದ ಮರ ಚಿಗುರಿತು. "ಈ ಸಂತತಿ ಅಳಿದುಹೋಗುವ ಮೊದಲೇ" ಎಲ್ಲ ಮುಗಿಯಬೇಕು. ಸಂತತಿಗೆ 40 ವರ್ಷ ಅಂತ ಹಿಡಿದು ಮೊದಲು 1988 ಅಂದರು. ನಾಸಾದಲ್ಲಿ ಇಂಜಿನಿಯರ್ ಆಗಿದ್ದ ಎಡ್ಗರ್ ವೈಸ್ನಂಟ್ ಅದಕ್ಕೆ 88 ಕಾರಣ ಕೊಟ್ಟ. ಆಗಲಿಲ್ಲ. ಒಂದು ವರ್ಷ ತಪ್ಪಿದೆ, 1989 ಅಂದ. ಅದೂ ಆಗಲಿಲ್ಲ. ಜೆರೂಸಲೇಮ್ ಕೈಗೆ ಬಂದ 1967ರಿಂದ ಎಣಿಸಿದರೆ 2007. ಕೀರ್ತನೆ 90ರಲ್ಲಿ ಆಯುಷ್ಯ ಎಪ್ಪತ್ತು ಅಂತಿದೆಯಲ್ಲ, ಆಗ 2018. ಬಲ ಹೆಚ್ಚಿದ್ದರೆ ಎಂಬತ್ತು ಅಂತಲೂ ಇದೆ, ಆಗ 2028. ನಮ್ಮ ರಸ್ತೆ ಕಾಮಗಾರಿಯ ಗುತ್ತಿಗೆದಾರರು ಕೂಡ ಇಷ್ಟು ಸಲ ಅವಧಿ ವಿಸ್ತರಣೆ ಕೇಳಿರಲಿಕ್ಕಿಲ್ಲ.

ಆ ದಿನವಾಗಲಿ ಗಳಿಗೆಯಾಗಲಿ ಮಗನಿಗೂ ಗೊತ್ತಿಲ್ಲ ಅಂತ ಮತ್ತಾಯ 24ರಲ್ಲಿ ಇದೆಯಲ್ಲ ಅಂತ ನಾನೇ ಕೇಳಿದೆ. "ದಿನ, ಗಳಿಗೆ ಗೊತ್ತಿಲ್ಲ ಅಂದಿದ್ದಾನೆ. ವರ್ಷ ಗೊತ್ತಿಲ್ಲ ಅಂದಿಲ್ಲವಲ್ಲ?" ಅಂದರು. ಜನ ಚಪ್ಪಾಳೆ ತಟ್ಟಿದರು.

ನಮ್ಮ ಮನೆತನ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದ್ದು. ಆ ಮಿಷನ್ನಿನ ಅನೇಕರು ಬಂದ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಬೆಂಗೆಲ್ ಅನ್ನುವ ದೊಡ್ಡ ಪಂಡಿತ ಇಂಥದೇ ಲೆಕ್ಕ ಹಾಕಿ 1836 ಅಂದಿದ್ದ. 1836 ತಣ್ಣಗೆ ಕಳೆಯಿತು. 1837ರಲ್ಲಿ ಮಿಷನ್ನಿನವರು ಧಾರವಾಡಕ್ಕೆ ಬಂದರು, ಶಾಲೆ ತೆಗೆದರು. ಕಿಟ್ಟೆಲ್ ಅಂತೂ ವರ್ಷಗಟ್ಟಲೆ ಕೂತು ನಿಘಂಟು ಮಾಡಿದ, ಅದು ಅಚ್ಚಾಗಿದ್ದು 1894ರಲ್ಲಿ. ನಾಳೆ ಮೋಡಕ್ಕೆ ಹೋಗುವವನು ಕನ್ನಡದ ಒಂದೊಂದೇ ಮಾತು ಹೆಕ್ಕುತ್ತಾ ಕೂರುವುದಿಲ್ಲ.

ನಗು ನಿಂತದ್ದು ಒಂದೇ ಕಡೆ. "ನಾವು ಇಸ್ರಾಯೇಲನ್ನು ಪ್ರಾಣದಷ್ಟು ಪ್ರೀತಿಸುತ್ತೇವೆ" ಅಂದ ಭಾಷಣಕಾರರು ಅದೇ ಉಸಿರಿನಲ್ಲಿ ಕೋಲನ್ನು ಜೆಕರ್ಯ 13ಕ್ಕೆ ಒಯ್ದರು. ಆ ದೇಶದ ಮೂರು ಪಾಲು ಜನರಲ್ಲಿ ಎರಡು ಪಾಲು ಸಾಯುತ್ತಾರೆ. ಕೋಲು ಅಲ್ಲಿ ನಿಲ್ಲಲೂ ಇಲ್ಲ, ಮುಂದಿನ ಬಾಣಕ್ಕೆ ಹೋಯಿತು. ಬೆತ್ಲೆಹೇಮಿನಲ್ಲಿ ಇವತ್ತಿಗೂ ಅರಬ್ಬಿಯಲ್ಲಿ ಪ್ರಾರ್ಥನೆ ಮಾಡುವ ಕ್ರೈಸ್ತರಿದ್ದಾರೆ. ಮೂವತ್ತು ಅಡಿಯಲ್ಲಿ ಅವರಿಗೆ ಅರ್ಧ ಇಂಚು ಜಾಗವಿರಲಿಲ್ಲ.

ಹೊರಗೆ ಬಂದಾಗ ಕಾಕಾ ದೇವರಗುಡ್ಡದ ಕಾರ್ಣಿಕ ನೆನೆಸಿದರು. "ನಮ್ಮ ಗೊರವಪ್ಪ ಬಿಲ್ಲು ಏರತಾನ, ಸದ್ದಲೇ ಅಂತಾನ, ಒಂದ ಸಾಲು ಹೇಳತಾನ, ಕೆಳಗ ಬೀಳತಾನ. ಮಳಿಯೋ ಸರಕಾರನೋ, ನಾವ ಬಡದಾಡಬೇಕು. ಇವರು ಏರಿದವರು ಇಳೀಲೇ ಇಲ್ಲಲ್ಲೋ."

ಅಷ್ಟರಲ್ಲಿ ಪೆಂಡಾಲಿನ ಹುಡುಗರು ಫ್ಲೆಕ್ಸ್ ಬಿಚ್ಚುತ್ತಿದ್ದರು. ಕಾಕಾ ಹೋಗಿ ಮುಟ್ಟಿ ನೋಡಿದರು. ಮೆಕ್ಕೆಜೋಳದ ರಾಶಿಗೆ ಹೊದಿಸಲು ಕೊಡುತ್ತೀರಾ ಅಂತ ಕೇಳಿದರು. ಹುಡುಗ ಸಂಘಟಕರನ್ನು ಕೇಳಿ ಬಂದು ಸುತ್ತಿ ಕೊಟ್ಟ. ಆದಾಮ ಒಳಗಾದ, ಬೆಂಕಿಯ ಕೆರೆ ಹೊರಗೆ ಬಂತು.

"ಎಷ್ಟ್ ದಿನ ತಡೀತದಪಾ ಇದು?"

"ಎರಡು ಮಳಿಗಾಲಕ್ಕ ಅಡ್ಡಿಯಿಲ್ರಿ ಅಜ್ಜಾರ."

"ಸಾಕ್ ಬಿಡು" ಅಂದರು ಕಾಕಾ, ಸುರುಳಿಯನ್ನು ಹೆಗಲಿಗೇರಿಸುತ್ತಾ. "ಅಷ್ಟರಾಗ ಅವರು ಹೊಸಾದು ಹೊಡಸ್ತಾರ."