ಕಾಗದವಿಲ್ಲದ ಪುಸ್ತಕ ಪುಕ್ಕಟೆಯೇ?

ಇ-ಪುಸ್ತಕಕ್ಕೆ ಕಾಗದ, ಮುದ್ರಣದ ಖರ್ಚಿಲ್ಲ, ಹಾಗಾಗಿ ಪಿಡಿಎಫ್ ಹಂಚಿದರೆ ತಪ್ಪಿಲ್ಲ ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ಸರಿಯಲ್ಲ. ಬರೆಯುವ, ಸಂಪಾದಿಸುವ, ಕರಡು ತಿದ್ದುವ ಶ್ರಮ ಮುದ್ರಿತ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಒಂದೇ. ಕನ್ನಡದಲ್ಲಂತೂ ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಿಂದ ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ವ್ಯವಸ್ಥೆ ಯೂನಿಕೋಡ್‌ಗೆ ತರುವಾಗ ಒತ್ತಕ್ಷರ, ಅರ್ಕಾವತ್ತುಗಳು ಕೆಡುವುದುಂಟು. ಯಾರಾದರೂ ಕೂತು ಸಾಲುಸಾಲಾಗಿ ಸರಿಪಡಿಸಬೇಕು. ಹಾಗೆ ತಿದ್ದದೆಯೇ ಮುದ್ರಿತ ಪ್ರತಿಯಷ್ಟು ಬೆಲೆ ಇಟ್ಟರೆ ಓದುಗರಿಗೆ ಬೇಸರವಾಗುವುದು ನ್ಯಾಯವೇ. ಪ್ರಕಾಶಕರು ಅದನ್ನು ಕೇಳಿಸಿಕೊಳ್ಳಬೇಕು. ಆದರೂ ಲೇಖಕರ ಹಕ್ಕು ಹಾಗೇ ಇರುತ್ತದೆ.

ಒಂದು ಪುಸ್ತಕದ ಹಕ್ಕು ಇನ್ನೂ ಉಳಿದಿದೆಯೇ ಎಂದು ನೀವೇ ಪರೀಕ್ಷಿಸಬಹುದು. ಪುಸ್ತಕದ ಹಕ್ಕುಗಳ ಪುಟ, ಲೇಖಕರ ನಿಧನದ ವರ್ಷ ನೋಡಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1964ರಲ್ಲಿ ನಿಧನರಾದವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು 2025ರಿಂದ ಹಕ್ಕುಮುಕ್ತ, ಯಾರು ಬೇಕಾದರೂ ಹಂಚಬಹುದು. ಹೀಗೆ ಮುಕ್ತವಾದ ಕೆಲವು ಪುಸ್ತಕಗಳು ಉಚಿತ ಆನ್‌ಲೈನ್ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಓದಲು ಸಿಗುತ್ತವೆ.