ಊರು ಹೇಳುತ್ತಾರೆ, ತೂಕ ಹೇಳುವುದಿಲ್ಲ

ಹೋದ ತಿಂಗಳು ಒಂದು ಭಾನುವಾರ ಅಣ್ಣನ ಮಗಳು ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಓಡಿ ಬಂದಳು. “ಅತ್ತೆ, ಇಲ್ಲಿ ನೋಡಿ. ಇವಳು ನಿಮ್ಮ ಹಾಗೇ ಇದ್ದಾಳೆ!” ನಾನು ಬಂಗುಡೆ ಕ್ಲೀನ್ ಮಾಡುತ್ತಿದ್ದೆ. ಕೈಯೆಲ್ಲ ಮೀನು. ಕುತ್ತಿಗೆ ಉದ್ದ ಮಾಡಿ ನೋಡಿದೆ. ಎತ್ತರದ, ದಪ್ಪದ ಹೆಂಗಸೊಬ್ಬಳು ಇನ್ನೊಬ್ಬಳನ್ನು ಅಕ್ಕಿಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡಿದ್ದಳು. ಅಮೆರಿಕದ ಟಿವಿ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಇಯ ಕುಸ್ತಿಪಟು ನಿಯಾ ಜಾಕ್ಸ್.

ಮೊದಲು ಬಂದದ್ದು ಸಿಟ್ಟು. ಸುಳ್ಳು ಯಾಕೆ ಹೇಳಲಿ? ದಪ್ಪ ಎಂಬ ಒಂದು ಶಬ್ದವನ್ನು ನಮ್ಮ ಊರಿನವರು ಎಷ್ಟು ಬಗೆಯಲ್ಲಿ ಹೇಳುತ್ತಾರೆ ಅಂತ ನನಗೆ ಗೊತ್ತು. ಮದುವೆ ಹಾಲ್‌ನಲ್ಲಿ “ಒಳ್ಳೆ ಆರೋಗ್ಯ ಉಂಟಲ್ಲ” ಅನ್ನುತ್ತಾರೆ. ಬಸ್ಸಿನಲ್ಲಿ “ಅಕ್ಕ, ಸ್ವಲ್ಪ ಹಿಂದೆ ಹೋಗಿ, ಬಾಗಿಲು ಬ್ಲಾಕ್ ಆಗ್ತದೆ” ಅನ್ನುತ್ತಾರೆ. ರವಿಕೆ ಹೊಲಿಯುವವಳು ಏನೂ ಹೇಳುವುದಿಲ್ಲ, ಟೇಪು ಹಿಡಿದು ಸುಮ್ನೆ ಒಂದು ಉಸಿರು ಬಿಡುತ್ತಾಳೆ. ಎಲ್ಲಕ್ಕಿಂತ ಕೆಟ್ಟದ್ದು “ಮುಖ ಎಷ್ಟು ಚಂದ, ಸ್ವಲ್ಪ ಇಳಿಸಿದ್ರೆ...” ಎಂಬುದು. ಆ ವಾಕ್ಯವನ್ನು ಯಾರೂ ಪೂರ್ತಿ ಮಾಡುವುದಿಲ್ಲ.

ಆದರೆ ಹುಡುಗಿಯ ಮುಖ ನೋಡಿದರೆ ತಮಾಷೆ ಇರಲಿಲ್ಲ. ಕಣ್ಣು ಅರಳಿತ್ತು. ಇವಳು ಒಂಬತ್ತನೇ ಕ್ಲಾಸು. ನಮ್ಮ ಮನೆಯದ್ದೇ ಎಲುಬು, ನನ್ನದೇ ಮೈಕಟ್ಟು. ಶಾಲೆಯಲ್ಲಿ ಪಿಟಿ ಸರ್ ಗುಂಡು ಎಸೆತಕ್ಕೆ ಹೆಸರು ಕೊಡು ಅಂತ ಮೂರು ಸಲ ಕೇಳಿದ್ದಾರೆ. ಇವಳು ಕೊಡುವುದಿಲ್ಲ. ಎಸೆಯಲಿಕ್ಕೆ ಬರುವುದಿಲ್ಲ ಅಂತ ಅಲ್ಲ. ಶಾರ್ಟ್ಸ್ ಹಾಕಬೇಕಲ್ಲ, ಎಲ್ಲರೂ ನೋಡ್ತಾರೆ ಅಂತ. ಕೈ ತೊಳೆದು ಅವಳ ಹತ್ತಿರ ಕೂತೆ. ಮೀನು ಅಲ್ಲೇ ಬಾಕಿ. ಬೆಕ್ಕಿಗೆ ಒಂದು ಹೋಯಿತು.

ನನಗೆ ಕುಸ್ತಿ ಹೊಸತಲ್ಲ. 90ರ ದಶಕದಲ್ಲಿ ಅಣ್ಣನ ಹತ್ತಿರ ಡಬ್ಲ್ಯುಡಬ್ಲ್ಯುಎಫ್ (ಅದೇ ಕಂಪನಿಯ ಹಳೇ ಹೆಸರು) ಕಾರ್ಡಿನ ಒಂದು ಕಟ್ಟು ಇತ್ತು. ಒಂದೊಂದು ಕಾರ್ಡಿನಲ್ಲಿ ಒಬ್ಬನ ಫೋಟೊ, ಕೆಳಗೆ ಎತ್ತರ, ತೂಕ, ಎದೆ ಸುತ್ತಳತೆ, ಬೈಸೆಪ್ಸ್. ಒಂದು ಅಂಕೆ ಕೂಗಬೇಕು. ಯಾರದ್ದು ಜಾಸ್ತಿಯೋ ಅವರಿಗೆ ಎದುರಿನವರ ಕಾರ್ಡ್. ಯೊಕೊಜುನ ಎಂಬ ಭಾರೀ ಮೈಯ ಕುಸ್ತಿಪಟುವಿನ ಕಾರ್ಡ್ ಕೈಗೆ ಬಂದರೆ ಯೋಚನೆಯೇ ಬೇಡ. “ತೂಕ!” ಅಂತ ಕೂಗಿದರೆ ಮುಗಿಯಿತು. ತೂಕ ಜಾಸ್ತಿ ಇದ್ದವರು ಗೆಲ್ಲುವುದನ್ನು ನಾನು ಸಣ್ಣವಳಿದ್ದಾಗ ನೋಡಿದ್ದು ಆ ಆಟದಲ್ಲಿ ಮಾತ್ರ. ನಮ್ಮ ಕಟ್ಟಿನಲ್ಲಿ ಹೆಂಗಸರ ಕಾರ್ಡ್ ಒಂದೂ ಇರಲಿಲ್ಲ. ಆಗ ಅದು ವಿಚಿತ್ರ ಅಂತಲೂ ಅನ್ನಿಸಿರಲಿಲ್ಲ.

ಈಗ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಗಂಡಸರು ರಿಂಗಿಗೆ ಬರುವಾಗ ಮೈಕಿನಲ್ಲಿ ಕೂಗುತ್ತಾರಲ್ಲ, ಇಂಥ ಊರಿನವನು, ಇಷ್ಟು ಪೌಂಡ್ ತೂಕದವನು ಅಂತ? ಹೆಂಗಸರು ಬರುವಾಗ ಹೆಚ್ಚಾಗಿ ಊರು ಮಾತ್ರ. ತೂಕ ನುಂಗುತ್ತಾರೆ. ಅಷ್ಟು ದೂರದ ಅಮೆರಿಕದಲ್ಲೂ ಹೆಂಗಸಿನ ತೂಕ ಅಂದರೆ ಮುಚ್ಚಿಡುವ ವಿಷಯವೇ, ಮಾರಾಯ್ರೆ.

ನಿಯಾ ಹುಟ್ಟಿದ್ದು 1984ರಲ್ಲಿ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ನಾನೂ 1984. ಅಪ್ಪ ಸಮೋವಾದ ಕಡೆಯವರು. ಹಾಲಿವುಡ್ ಸಿನಿಮಾದ ರಾಕ್ ಇದ್ದಾನಲ್ಲ, ಅವನಿಗೆ ದೂರದ ನೆಂಟಸ್ತಿಕೆ. ಬಾಸ್ಕೆಟ್‌ಬಾಲ್ ಆಡಿದವಳು, ದಪ್ಪ ಮೈಯವರ ಬಟ್ಟೆಗಳಿಗೆ ಮಾಡೆಲ್ ಆಗಿದ್ದವಳು. 30ರ ಹೊತ್ತಿಗೆ ಕುಸ್ತಿ ಕಲಿಯಲಿಕ್ಕೆ ಶುರು ಮಾಡಿ, 2016ರಲ್ಲಿ ದೊಡ್ಡ ಶೋಗೆ ಬಂದಳು. ಅದೇ ವರ್ಷ ಏಪ್ರಿಲ್‌ನಲ್ಲಿ ಕಂಪನಿಯವರು ಹೆಂಗಸರನ್ನು ‘ಡೀವಾ’ ಅಂತ ಕರೆಯುವುದನ್ನು ಬಿಟ್ಟಿದ್ದರು. ಅದಕ್ಕಿಂತ ಮೊದಲು ಹೆಂಗಸರ ಚಾಂಪಿಯನ್ ಬೆಲ್ಟಿನ ಮೇಲೆ ದೊಡ್ಡದೊಂದು ಚಿಟ್ಟೆ ಇತ್ತು. ಯೊಕೊಜುನನಿಗೆ ಚಿಟ್ಟೆಯ ಬೆಲ್ಟ್ ಕಟ್ಟಿದರೆ ಹೇಗಿರುತ್ತಿತ್ತು ಅಂತ ಸ್ವಲ್ಪ ಯೋಚಿಸಿ.

2018ರಲ್ಲಿ ಅವಳಿಗೆ ಒಂದು ಕತೆ ಕಟ್ಟಿದರು. ಅಲೆಕ್ಸಾ ಬ್ಲಿಸ್ ಅಂತ ಪುಟ್ಟ ಹುಡುಗಿ, ಐದಡಿ ಒಂದಿಂಚು. ಎದುರಿಗೆ ಗೆಳತಿ, ಬೆನ್ನ ಹಿಂದೆ ನಿಯಾಳ ಮೈ ಬಗ್ಗೆ ಆಡಿಕೊಂಡು ನಗುತ್ತಾಳೆ. ಮೈಕ್ ಆನ್ ಇರುತ್ತದೆ, ಇಡೀ ಸ್ಟೇಡಿಯಂ ಕೇಳುತ್ತದೆ. ಆ ವರ್ಷ ಏಪ್ರಿಲ್ 8ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ಕಂಪನಿಯ ವರ್ಷದ ದೊಡ್ಡ ಶೋ ರೆಸಲ್‌ಮೇನಿಯಾದಲ್ಲಿ, ನಿಯಾ ಅವಳನ್ನು ಸೋಲಿಸಿ ಚಾಂಪಿಯನ್ ಆದಳು. ಕತೆಯೊಳಗಿನ ಕತೆ ಏನು ಗೊತ್ತುಂಟಾ? ನಿಜ ಜೀವನದಲ್ಲಿ ಇಬ್ಬರೂ ಒಳ್ಳೆ ಗೆಳತಿಯರು. ಆ ಪುಟ್ಟ ಅಲೆಕ್ಸಾ ಹದಿನೈದರ ಪ್ರಾಯದಲ್ಲಿ ಊಟವನ್ನೇ ಬಿಡುವ ಕಾಯಿಲೆಗೆ ಬಿದ್ದು ಜೀವಕ್ಕೇ ಅಪಾಯ ತಂದುಕೊಂಡಿದ್ದವಳು. ಅದನ್ನು ಅವಳೇ ಎಲ್ಲರೆದುರು ಹೇಳಿಕೊಂಡಿದ್ದಾಳೆ. ಮೈಯಿಂದಾಗಿ ನರಕ ಕಂಡವಳ ಬಾಯಿಂದಲೇ ಇನ್ನೊಬ್ಬಳ ಮೈಯನ್ನು ಬೈಯಿಸಿದರು. ಇದಕ್ಕೆ ನಗಬೇಕೋ ಅಳಬೇಕೋ ನನಗೆ ಗೊತ್ತಾಗಲಿಲ್ಲ. ನೋಡಿ ಮುಗಿಸಿದ ಮೇಲೆ ಹುಡುಗಿ ಕೇಳಿದಳು: “ಹಾಗಾದ್ರೆ ಸಪೂರ ಇದ್ದವರಿಗೂ ಬಿಡೋದಿಲ್ವಾ ಅತ್ತೆ?” ಇಲ್ಲ ಮಗಾ, ಬಿಡುವುದಿಲ್ಲ.

“ಅದೆಲ್ಲ ನಾಟಕ ಅಲ್ವಾ, ಮೊದಲೇ ಫಿಕ್ಸ್” ಅಂತ ಅಣ್ಣ ಚಾವಡಿಯಿಂದ ಕೂಗಿದ. ಹೌದು, ಫಿಕ್ಸ್. ರಾವಣ ಸಾಯುತ್ತಾನೆ ಅಂತಲೂ ಮೊದಲೇ ಫಿಕ್ಸ್. ಆದರೂ ನೀನು ಯಕ್ಷಗಾನದ ಆಟಕ್ಕೆ ಬೆಳಗಿನವರೆಗೆ ಗದ್ದೆಯಲ್ಲಿ ಚಾಪೆ ಹಾಕಿ ಕೂತಿರಲಿಲ್ವಾ ಅಂದೆ. ಮಾತಿಲ್ಲ.

ಆಟದ ನೆನಪು ಬಂದಾಗಲೇ ನನಗೆ ಹೊಳೆದದ್ದು. ನಮ್ಮ ಯಕ್ಷಗಾನದಲ್ಲಿ ದೊಡ್ಡ ಮೈಯ ಹೆಂಗಸಿಗೆ ಒಂದು ಜಾಗ ಉಂಟು. ಹೆಣ್ಣುಬಣ್ಣ, ಅಂದರೆ ರಾಕ್ಷಸಿ ವೇಷ. ತಾಟಕಿ, ಶೂರ್ಪನಖಿ, ಲಂಕಿಣಿ. ಚೆಂಡೆ ಏರುತ್ತದೆ, ದೊಂದಿಗೆ ರಾಳದ ಪುಡಿ ಬಿದ್ದು ಬೆಂಕಿ ಧಗ್ ಅನ್ನುತ್ತದೆ, ತೆರೆಯ ಹಿಂದಿನಿಂದ ಆರ್ಭಟೆ. ನಿದ್ದೆ ಹೋದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ವೇಷ ಮಾಡುವವರು ಮೈಗೆ ಬಟ್ಟೆ ಕಟ್ಟಿ ಇನ್ನೂ ದಪ್ಪ ಆಗಿ ಬರುತ್ತಾರೆ. ಸಣ್ಣವಳಿದ್ದಾಗ ನನಗೆ ಸೀತೆಗಿಂತ ಶೂರ್ಪನಖಿಯೇ ಇಷ್ಟ. ಆದರೆ ಅವಳಿಗೆ ರಾಮನ ಮೇಲೆ ಆಸೆ ಆದ ಕೂಡಲೇ ಎಂತ ಆಗುತ್ತದೆ? ಘೋರ ಶೂರ್ಪನಖಿ ಒಳಗೆ ಹೋಗುತ್ತಾಳೆ, ಮಾಯಾ ಶೂರ್ಪನಖಿ ಬರುತ್ತಾಳೆ. ಬಳುಕುವ ಸೊಂಟ, ಚಂದದ ಸೀರೆ, ವೇಷಧಾರಿಯೇ ಬೇರೆ. ದೊಡ್ಡ ಮೈಯಲ್ಲಿ ಆರ್ಭಟಿಸಬಹುದು, ಆಸೆ ಪಡಬೇಕಾದರೆ ಸಪೂರ ಆಗಬೇಕು.

ಕುಸ್ತಿಯಲ್ಲೂ ದೊಡ್ಡ ಹೆಂಗಸು ಬಂದರೆ ಹೆಚ್ಚಾಗಿ ಹೀಗೇ. ರಾಕ್ಷಸಿ ಪಾತ್ರ, ಎಲ್ಲರನ್ನೂ ಎತ್ತಿ ಬಿಸಾಡುವುದು, ಕೊನೆಗೆ ಚಂದದ ಹುಡುಗಿಯಿಂದ ಸೋಲುವುದು. ನಿಯಾಗೂ ಅದನ್ನೇ ಕೊಟ್ಟಿದ್ದಾರೆ, ಬೇಕಾದಷ್ಟು ಸಲ. ಆದರೆ ಅವಳು ಬರುವ ರೀತಿ ನೋಡಿ. ತುಟಿಗೆ ಬಣ್ಣ, ಉಗುರು ಉದ್ದ, ಕೂದಲು ಬಿಟ್ಟುಕೊಂಡು, ಮೈಗೆ ಅಂಟುವ ಮಿಂಚುವ ಬಟ್ಟೆ. ಘೋರಳೂ ಅವಳೇ, ಮಾಯೆಯೂ ಅವಳೇ. ಒಳಗೆ ಹೋಗಿ ವೇಷ ಬದಲಿಸಿ ಬರುವುದಿಲ್ಲ. ನನಗೆ ಅವಳು ಹಿಡಿಸಿದ್ದು ಇಲ್ಲಿ.

ಹಿಡಿಸದ್ದೂ ಉಂಟು. ‘ನಾನು ಬೇರೆ ಹುಡುಗಿಯರ ಹಾಗಲ್ಲ’ ಎಂಬುದು ಅವಳ ಘೋಷಣೆ. ಅಲ್ಲಮ್ಮ, ನೀನು ನಮ್ಮ ಹಾಗೇ ಇದ್ದಿ. ಸಂಜೆ ಉಡುಪಿ ಬಸ್ ಸ್ಟ್ಯಾಂಡಿಗೆ ಬಂದು ನೋಡು. ಮಲ್ಪೆಯಲ್ಲಿ ಮೀನಿನ ಬುಟ್ಟಿ ಹೊತ್ತು ನಡೆಯುವವರ ತೋಳು ನೋಡು. ಬೇರೆ ಹಾಗೆ ಇರುವುದು ಟಿವಿಯವರು.

ಇನ್ನೊಂದು ವಿಷಯ. ನಿಯಾ ಕೆಲಸದಲ್ಲಿ ಎಡವಿದ್ದಾಳೆ. 2018ರ ನವೆಂಬರ್‌ನಲ್ಲಿ ಒಂದು ಗಲಾಟೆ ದೃಶ್ಯದಲ್ಲಿ ಅವಳ ಗುದ್ದು ನಿಜವಾಗಿಯೇ ಬಿದ್ದು ಜೊತೆಯ ಕುಸ್ತಿಪಟು ಬೆಕಿ ಲಿಂಚ್‌ಳ ಮೂಗು ಮುರಿಯಿತು. ಬೆಕಿಗೆ ದೊಡ್ಡ ಪಂದ್ಯವೊಂದು ತಪ್ಪಿತು. ನಾಟಕದ ಕುಸ್ತಿಯಲ್ಲಿ ಎದುರಿನವಳ ಮೈ ನಿನ್ನ ಕೈಯಲ್ಲಿ ಇರುತ್ತದೆ, ಅದನ್ನು ಕಾಪಾಡುವುದೇ ಕಸುಬು. ಅಲ್ಲಿ ತಪ್ಪಿದರೆ ಜನ ಬೈಯಬೇಕಾದ್ದೇ. ನಾನೂ ಬೈಯುತ್ತೇನೆ.

ಆದರೆ ಆ ವಿಡಿಯೊಗಳ ಕೆಳಗೆ ಜನ ಬರೆದದ್ದು ಏನು? ಕೈ ಅಳತೆ ತಪ್ಪಿತು ಅಂತ ಬರೆದವರಿಗಿಂತ ಆನೆ, ಎಮ್ಮೆ ಅಂತ ಬರೆದವರೇ ಜಾಸ್ತಿ ಕಂಡರು. ಇದು ನನಗೆ ಚೆನ್ನಾಗಿ ಗೊತ್ತಿರುವ ಲೆಕ್ಕ. ಹಿಂದೆ ನಾನಿದ್ದ ಒಂದು ಆಫೀಸಿನಲ್ಲಿ ಪಾಸ್‌ಬುಕ್ಕಿಗೆ ಒಂದು ಅಂಕೆ ತಪ್ಪಾಗಿ ಬರೆದೆ. ಮೇಲಿನವರು ಹೇಳಿದ್ದು, “ಮಧ್ಯಾಹ್ನ ಊಟ ಜೋರಾಗಿರಬೇಕು, ನಿದ್ದೆ ಬಂತು.” ಮರುವಾರ ಪಕ್ಕದ ಸೀಟಿನ ಸಪೂರ ಹುಡುಗಿ ಅದೇ ತಪ್ಪು ಮಾಡಿದಳು. ಅವಳಿಗೆ, “ಪಾಪ, ಕೆಲಸ ಜಾಸ್ತಿ ಆಯ್ತು.” ಅವಳ ತಪ್ಪು ಕೆಲಸದ್ದು, ನನ್ನ ತಪ್ಪು ಮೈಯದ್ದು. ಬಾಡಿ ಪಾಸಿಟಿವಿಟಿ ಅಂತ ದೊಡ್ಡ ದೊಡ್ಡ ಮಾತು ಬರುತ್ತದಲ್ಲ, ನನಗೆ ಅಷ್ಟು ಬೇಡ. ಕನ್ನಡಿ ಎದುರು ನಿಂತು ನಾನು ಸುಂದರಿ ಅಂತ ಹೇಳಿಕೊಳ್ಳುವ ಪುರುಸೊತ್ತೂ ಇಲ್ಲ. ನನ್ನ ತಪ್ಪನ್ನು ತಪ್ಪಿನಷ್ಟೇ ತೂಗಿ, ಸಾಕು.

ಡಾಕ್ಟರ್ ಹತ್ತಿರವೂ ಇದೇ. ಕಿವಿ ನೋವು ಅಂತ ಹೋದರೂ ಮೊದಲು ತೂಕದ ಯಂತ್ರ. ಮೊಣಕಾಲು ನೋವಿಗೆ ತೂಕ ಇಳಿಸಿ ಅಂದರೆ ಒಪ್ಪುತ್ತೇನೆ. ಬೆಳಿಗ್ಗೆ ಅಜ್ಜರಕಾಡು ಮೈದಾನದಲ್ಲಿ ನಡೆಯುವುದು ಅದಕ್ಕೇ. ಆದರೆ ಕಿವಿ?

ಒಲಿಂಪಿಕ್ಸ್ ಕುಸ್ತಿಯ ಲೆಕ್ಕ ಇನ್ನೂ ಬೇರೆ. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಮೊದಲ ಪಂದ್ಯದಲ್ಲೇ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿದಾಗ ನಾವೆಲ್ಲ ಕುಣಿದಿದ್ದೆವು. ಮರುದಿನ 50 ಕೆಜಿಗಿಂತ 100 ಗ್ರಾಂ ಜಾಸ್ತಿ. ಕೂದಲನ್ನೂ ಕತ್ತರಿಸಿ ನೋಡಿದರಂತೆ. ಫೈನಲ್ ಇಲ್ಲ, ಪದಕ ಇಲ್ಲ. ನಿಯಮ ನಿಯಮವೇ, ಜಗಳ ಇಲ್ಲ. ಆದರೆ ಒಂದು ನೋಡಿ. ಅಲ್ಲಿ ಹೆಂಗಸರಿಗೆ ಕೊನೆಯ ತೂಕದ ವಿಭಾಗ 76 ಕೆಜಿ. ಗಂಡಸರಿಗೆ 130ರವರೆಗೆ ಉಂಟು. 90 ಕೆಜಿಯ ಹುಡುಗಿಗೆ ಎಷ್ಟೇ ಬಲ ಇದ್ದರೂ ಆ ಮ್ಯಾಟಿನ ಮೇಲೆ ಜಾಗ ಇಲ್ಲ.

ಹಿಂದೆ ಅಲಿಗಢದ ಕುಸ್ತಿಪಟು ಹಮೀದಾ ಬಾನು ಇದ್ದರಲ್ಲ, ಅವರಿಗೆ ಯಾವ ವಿಭಾಗವೂ ಇರಲಿಲ್ಲ. 1954ರಲ್ಲಿ ಸವಾಲು ಹಾಕಿದರು, ನನ್ನನ್ನು ಸೋಲಿಸಿದವನನ್ನು ಮದುವೆ ಆಗುತ್ತೇನೆ ಅಂತ. ಬರೋಡಾದಲ್ಲಿ ಬಾಬಾ ಪೈಲ್ವಾನ್ ಬಂದ. 1 ನಿಮಿಷ 34 ಸೆಕೆಂಡಿಗೆ ಬಿದ್ದ. ಆಗಿನ ಪತ್ರಿಕೆಗಳು ಹಮೀದಾರ ತೂಕವನ್ನು ಬರೆದದ್ದು 108 ಕೆಜಿ ಅಂತ, ಹೊಗಳಿಕೆಯಾಗಿ. 70 ವರ್ಷ ಆದ ಮೇಲೆ, 2024ರ ಮೇ 4ಕ್ಕೆ, ಗೂಗಲ್‌ನವರು ಅವರ ಚಿತ್ರ ಹಾಕಿದರು. ನಮ್ಮ ಶಾಲೆಯ ಪುಸ್ತಕದಲ್ಲಂತೂ ನಾನು ಅವರ ಹೆಸರು ಓದಿರಲಿಲ್ಲ.

ಹುಡುಗಿಗೆ ಮಾತ್ರ ಹಿಡಿಸಿದ್ದು ಕವಿತಾ ದೇವಿ. ಹರಿಯಾಣದವಳು, ಡಬ್ಲ್ಯುಡಬ್ಲ್ಯುಇಗೆ ಹೋದ ಭಾರತದ ಮೊದಲ ಹೆಂಗಸು. ಮಗು ಆದ ಮೇಲೂ ಭಾರ ಎತ್ತುವುದು ಬಿಡದೆ, 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ತಂದವಳು. 2017ರಲ್ಲಿ ಅಲ್ಲಿನ ರಿಂಗಿಗೆ ಇಳಿದದ್ದು ಸಲ್ವಾರ್ ಕಮೀಜಿನಲ್ಲಿ, ಸೊಂಟಕ್ಕೆ ದುಪ್ಪಟ್ಟಾ ಬಿಗಿದು. ಪಂದ್ಯ ಸೋತಳು. ಆದರೆ ಎದುರಿನವಳನ್ನು ತಲೆ ಮೇಲೆ ಎತ್ತಿ ಹಿಡಿದ ವಿಡಿಯೊ ಊರೆಲ್ಲ ಓಡಾಡಿತು. ಸಲ್ವಾರ್ ಹಾಕಿ ಕುಸ್ತಿ ಆಡಬಹುದಾದರೆ ಟ್ರ್ಯಾಕ್ ಪ್ಯಾಂಟ್ ಹಾಕಿ ಗುಂಡು ಎಸೆಯಬಾರದಾ ಅಂತ ಕೇಳಿದೆ. ಸರ್ ಹತ್ತಿರ ಕೇಳ್ತೇನೆ ಅಂದಳು. ಇನ್ನೂ ಕೇಳಿದ ಹಾಗಿಲ್ಲ. ನಾನೂ ಒತ್ತಾಯ ಮಾಡಿಲ್ಲ. ನಮ್ಮ ಜಿಲ್ಲೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್‌ನಲ್ಲಿ 249 ಕೆಜಿ ಎತ್ತಿ ಬೆಳ್ಳಿ ತಂದಾಗ ಊರೆಲ್ಲ ಫ್ಲೆಕ್ಸ್. ಅವನು ಶುರುವಿನಲ್ಲಿ ಆಗಬೇಕು ಅಂದುಕೊಂಡದ್ದು ಕುಸ್ತಿಪಟು. ಯಾವ ಮೈಗೆ ಯಾವ ಆಟ ಅಂತ ಗೊತ್ತಾಗಲಿಕ್ಕೂ ಸ್ವಲ್ಪ ಸಮಯ ಬೇಕಲ್ಲ.

ನಿಯಾಗೂ ಸಮಯ ಬೇಕಾಯಿತು. 2021ರ ನವೆಂಬರ್‌ನಲ್ಲಿ ಅವಳನ್ನು ಕೆಲಸದಿಂದ ತೆಗೆದರು. ಮನಸ್ಸಿನ ಆರೋಗ್ಯಕ್ಕೆ ಅಂತ ರಜೆಯಲ್ಲಿದ್ದ ಹೊತ್ತು ಅದು, ಅವಳೇ ಬರೆದುಕೊಂಡಳು. 2023ರಲ್ಲಿ ವಾಪಸ್ ಬಂದಳು, ಒಂದು ಗ್ರಾಂ ಇಳಿಸಿಕೊಂಡ ಹಾಗೆ ಕಾಣಲಿಲ್ಲ. 2024ರ ಆಗಸ್ಟ್ 3ರಂದು, 40 ದಾಟಿದ ಮೇಲೆ, ಬೇಯ್ಲಿ ಎಂಬವಳನ್ನು ಸೋಲಿಸಿ ಮತ್ತೆ ಚಾಂಪಿಯನ್. ಈಗ ಅವಳ ಕೊನೆಯ ಪಟ್ಟು ಯಾವುದು ಗೊತ್ತುಂಟಾ? ಮೂಲೆಯ ಹಗ್ಗದ ಮೇಲೆ ಹತ್ತಿ, ಕೆಳಗೆ ಬಿದ್ದವಳ ಎದೆ ಮೇಲೆ ದೊಪ್ಪಂತ ಕೂರುವುದು. ಯೊಕೊಜುನನ ಪಟ್ಟೇ ಅದು! ಅದನ್ನು ನೋಡಿದಾಗ ನಾನು ಒಬ್ಬಳೇ ಕೂತು “ತೂಕ!” ಅಂತ ಕೂಗಿದೆ. ಅಮ್ಮ ಬೈದರು.

ಮೊನ್ನೆ ಸಂಜೆ 25 ಕೆಜಿ ಕುಚ್ಚಲಕ್ಕಿ ಚೀಲ ಹೆಗಲಿಗೆ ಹಾಕಿಕೊಂಡು ಮನೆ ಮೆಟ್ಟಿಲು ಹತ್ತುತ್ತಿದ್ದೆ. ಅಣ್ಣನಿಗೆ ಸೊಂಟ ನೋವು, ಅದು ಬೇರೆ ಕತೆ. ಹುಡುಗಿ ಮೇಲೆ ನಿಂತು ಸೌಟನ್ನು ಮೈಕಿನ ಹಾಗೆ ಹಿಡಿದು ಶುರು ಮಾಡಿದಳು: “ಉಡುಪಿ ಸಂತೆಕಟ್ಟೆಯಿಂದ ಬರ್ತಾ ಇದ್ದಾರೆ... ತೂಕ...” ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು.

“94” ಅಂದೆ.

“ತೂಕ ತೊಂಬತ್ನಾಲ್ಕು ಕೆಜಿ!” ಬೀದಿಯ ಕೊನೆಯ ಮನೆಯವರೆಗೆ ಕೇಳಿರಬೇಕು. ಒಳಗಿನಿಂದ ಅಮ್ಮ, “ಅಕ್ಕಿ ಸೇರಿಸಿಯಾ?” ಅಂತ ಕೇಳಿದರು.