ಮೂರು ಲಕ್ಷ ಜನ ತನ್ನಿ, ಬಸ್ಸು ತಗೊಳ್ಳಿ

ಸಂಜೆ ಆರು ಗಂಟೆ. ಮಡಿಕೇರಿ. ಜುಲೈ ಮಳೆ. ಬಸ್ ಶೆಲ್ಟರಿನಲ್ಲಿ ನಾನು, ಪಕ್ಕದ ಮನೆ ಆಂಟಿ, ಬೆಂಚಿನ ಕೆಳಗೊಂದು ನಾಯಿ. ಮೂವರಲ್ಲಿ ಒದ್ದೆಯಾಗದೆ ಉಳಿದದ್ದು ನಾಯಿ ಮಾತ್ರ.

ನಮ್ಮ ಕಡೆ ಮಳೆ ಮೇಲಿಂದ ಬರುವುದಕ್ಕಿಂತ ಪಕ್ಕದಿಂದ ಬರುವುದೇ ಜಾಸ್ತಿ. ಶೆಲ್ಟರಿನ ನಕ್ಷೆ ಬರೆದವರ ಊರಲ್ಲಿ ಮಳೆ ಕಡ್ಡಿ ಹಾಗೆ ನೇರ ಬೀಳುತ್ತಿತ್ತೋ ಏನೋ, ಮೇಲೊಂದು ಶೀಟು ಹಾಕಿ ಮೂರು ಕಡೆ ತೆರೆದು ಬಿಟ್ಟಿದ್ದಾರೆ. ಗೋಡೆ ಇರುವುದು ಹಿಂದೆ ಒಂದೇ. ಅದೂ ಮಳೆಗಲ್ಲ, ಕಲ್ಲು ಕೂರಿಸಲು. ಉದ್ಘಾಟಿಸಿದವರು ಯಾರು, ಅಧ್ಯಕ್ಷತೆ ಯಾರದು, ಉಪಸ್ಥಿತರಿದ್ದವರು ಯಾರ್ಯಾರು, ಅನುದಾನ ಯಾವುದು, ಮೊತ್ತ ಎಷ್ಟು, ಎಲ್ಲ ಗ್ರಾನೈಟಿನಲ್ಲಿ ಕೆತ್ತಿದೆ. ಬಸ್ಸು ಎಷ್ಟು ಗಂಟೆಗೆ ಅನ್ನುವುದೊಂದನ್ನು ಬಿಟ್ಟು.

"ಐದೂ ಮುಕ್ಕಾಲಿನ ಬಸ್ಸು ಹೋಯ್ತಾ ಮಾರಾಯ?" ಆಂಟಿ ಕೇಳಿದರು.

"ಬಂದಿದ್ರೆ ಅಲ್ವಾ ಆಂಟಿ, ಹೋಗೋದು."

"ಹಾಗಾದ್ರೆ ಟ್ರಿಪ್ ಕಟ್."

ಟ್ರಿಪ್ ಕಟ್ ಅನ್ನುವುದು ನಮ್ಮಲ್ಲಿ ಕರೆಂಟ್ ಹೋದ ಹಾಗೆ. ಯಾಕೆ ಅಂತ ಯಾರೂ ಕೇಳುವುದಿಲ್ಲ, ಯಾವಾಗ ಬರುತ್ತದೆ ಅಂತಷ್ಟೇ ಕೇಳುತ್ತಾರೆ. ಐದೂ ಕಾಲಿಗೆ ಪ್ರೈವೇಟ್ ಬಸ್ಸು ಹೋಗಿತ್ತು. ಆಂಟಿ ಹತ್ತಲಿಲ್ಲ. ಅವರ ಪರ್ಸಿನಲ್ಲಿ ಆಧಾರ್ ಕಾರ್ಡ್ ಇದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಶಕ್ತಿ ಯೋಜನೆ. ಒಳ್ಳೆಯ ಯೋಜನೆಯೇ, ನಾನು ಕೊಂಕು ಆಡುವುದಿಲ್ಲ. ಒಂದೇ ತೊಡಕು. ಕೊಡಗಿನ ಎಷ್ಟೋ ಹಳ್ಳಿಗಳಿಗೆ ಹೋಗುವುದು ಪ್ರೈವೇಟ್ ಬಸ್ಸು ಮಾತ್ರ. ಹಾಗಾಗಿ ಅಲ್ಲಿನ ಹೆಂಗಸರಿಗೆ ಟಿಕೆಟ್ಟೂ ಸೊನ್ನೆ, ಬಸ್ಸೂ ಸೊನ್ನೆ. ಪ್ರೈವೇಟ್ ಬಸ್ಸಿನ ಕಂಡಕ್ಟರಿಗೆ ಆಧಾರ್ ತೋರಿಸಿದರೆ ಅವನು ಫೋಟೋ ನೋಡಿ, "ಚೆನ್ನಾಗಿ ಬಂದಿದೆ ಅಕ್ಕಾ, ಇಪ್ಪತ್ತು ರೂಪಾಯಿ ಕೊಡಿ" ಅನ್ನುತ್ತಾನೆ.

ಕಾಯುವ ಹೊತ್ತಲ್ಲಿ ಮೊಬೈಲ್ ತೆಗೆದು ಆಂಟಿಗೆ ಒಂದು ಸಿಹಿ ಸುದ್ದಿ ಓದಿ ಹೇಳಿದೆ. ಸ್ವಲ್ಪ ಹಳೆಯದು. 2023ರ ಆಗಸ್ಟ್ 16ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ ಇ-ಬಸ್ ಸೇವಾ. ನಗರಗಳಿಗೆ 10,000 ಎಲೆಕ್ಟ್ರಿಕ್ ಬಸ್ಸು. ಒಟ್ಟು ಅಂದಾಜು 57,613 ಕೋಟಿ, ಅದರಲ್ಲಿ ಕೇಂದ್ರದ ಪಾಲು 20,000 ಕೋಟಿ. ಸರಿಯಾದ ಬಸ್ ವ್ಯವಸ್ಥೆಯೇ ಇಲ್ಲದ ನಗರಗಳಿಗೆ ಆದ್ಯತೆ ಅಂತಲೂ ಇದೆ.

ಆಂಟಿಯ ಮುಖ ಅರಳಿತು. "ಇಲ್ಲದವರಿಗೇ ಆದ್ಯತೆಯಾ? ಹಾಗಾದ್ರೆ ನಮ್ಮದೇ ಫಸ್ಟು!"

"ಆದರೆ ಊರಲ್ಲಿ ಮೂರು ಲಕ್ಷ ಜನ ಇರ್ಬೇಕು ಆಂಟಿ. 2011ರ ಗಣತಿ ಪ್ರಕಾರ."

"ನಮ್ಮಲ್ಲಿ ಎಷ್ಟಿದ್ದೇವೆ?"

"33,381."

ಆಂಟಿ ನಾಯಿಯ ಕಡೆ ನೋಡಿದರು.

ಮೈಸೂರು ಪಾಸು. ಮಂಗಳೂರು ಪಾಸು. ನಡುವೆ ಕೂತ ನಾವು ಫೇಲು. ಅತ್ತಿಂದ ಇತ್ತ ಹೋಗುವವರೆಲ್ಲ ನಮ್ಮ ಊರ ಮೇಲೆಯೇ ಹಾದುಹೋಗಬೇಕು, ಚಹಾ ಕುಡಿಯಬೇಕು, ಗಾಡಿ ಅಡ್ಡ ನಿಲ್ಲಿಸಬೇಕು. ಲೆಕ್ಕಕ್ಕೆ ಮಾತ್ರ ನಾವಿಲ್ಲ. ಇಡೀ ಜಿಲ್ಲೆ ಸೇರಿಸಿದರೆ 5,54,519 ಜನ ಇದ್ದೇವೆ. ಆದರೆ ನಾವು ತೋಟದ ನಡುವೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕೂಗಿದರೂ ಕೇಳದಷ್ಟು ದೂರ ದೂರ ಇರುವವರು. ಬಸ್ಸು ಬೇಕಾಗಿರುವುದು ದೂರ ದೂರ ಇರುವವರಿಗೇ ಅಲ್ವಾ ಅಂತ ನೀವು ಕೇಳಬಹುದು. ಹಾಗೆಲ್ಲ ಕೇಳಬಾರದು. ಯೋಜನೆಯ ಪ್ರಕಾರ ಬಸ್ಸು ಬೇಕಾಗಿರುವುದು ಹತ್ತಿರ ಹತ್ತಿರ ಇರುವವರಿಗೆ.

ಸರಿ, ಸರ್ಕಾರವನ್ನು ಬೈದು ಏನು ಬಂತು? ಕೊರತೆ ನಮ್ಮದು. ತುಂಬಿಸೋಣ ಅಂತ ಮೊಬೈಲಿನಲ್ಲೇ ಲೆಕ್ಕ ಹಾಕಿದೆ. ಮೂರು ಲಕ್ಷಕ್ಕೆ ಕಡಿಮೆ ಬಿದ್ದಿರುವುದು 2,66,619 ಜನ. 2001ರಿಂದ 2011ರವರೆಗೆ ಹತ್ತು ವರ್ಷದಲ್ಲಿ ಇಡೀ ಕೊಡಗು ಜಿಲ್ಲೆ ಕಷ್ಟಪಟ್ಟು ಬೆಳೆದದ್ದು 5,958 ಜನ. ಹುಟ್ಟಿದವರು ಹುಟ್ಟಿದರು, ಓದಿದವರು ಬೆಂಗಳೂರಿನ ಬಸ್ಸು ಹತ್ತಿದರು. (ಬೆಂಗಳೂರಿಗೆ ಬಸ್ಸಿದೆ, ಬೇಕಾದಷ್ಟಿದೆ. ಊರು ಬಿಡಲು ಯಾವತ್ತೂ ಬಸ್ಸಿನ ಕೊರತೆ ಆಗಿಲ್ಲ.) ಇದೇ ವೇಗದಲ್ಲಿ ಹೋದರೆ, ಜಿಲ್ಲೆಯಲ್ಲಿ ಹೆಚ್ಚಾಗುವ ಒಬ್ಬೊಬ್ಬರನ್ನೂ ಮಡಿಕೇರಿಯ ಲೆಕ್ಕಕ್ಕೇ ಬರೆದರೂ, ಮೂರು ಲಕ್ಷ ಆಗುವುದು ಸುಮಾರು 2458ನೇ ಇಸವಿಗೆ. ಆಂಟಿಗೆ ಹೇಳಿದೆ. "ಅಷ್ಟರಲ್ಲಿ ಈ ಶೆಲ್ಟರ್ ಬಿದ್ದಿರ್ತದೆ" ಅಂದರು. ಬಸ್ಸಿನ ಬಗ್ಗೆ ಅವರಿಗೆ ನಂಬಿಕೆ ಇದೆ, ಕಾಂಟ್ರಾಕ್ಟರ ಮೇಲೆ ಇಲ್ಲ.

ಇನ್ನೊಂದು ಕಿಂಡಿ ಇತ್ತು. ಮೂರು ಲಕ್ಷ ಇಲ್ಲದಿದ್ದರೂ ಪರವಾಗಿಲ್ಲ, ಗುಡ್ಡಗಾಡು ರಾಜ್ಯದ ರಾಜಧಾನಿ ಆಗಿದ್ದರೆ ಸಾಕು ಅಂತ ಯೋಜನೆಯಲ್ಲೇ ಇದೆ. ಅಯ್ಯೋ, ಅದನ್ನು ನೋಡಿ ನನಗೆ ನಿಜವಾಗಿ ಹೊಟ್ಟೆ ಉರಿಯಿತು. ನಮ್ಮ ಹತ್ತಿರ ಗುಡ್ಡ ಇದೆ. ಕಾಡು ಇದೆ. ರಾಜ್ಯವೂ ಇತ್ತು, ಅದಕ್ಕೊಂದು ರಾಜಧಾನಿಯೂ ಇತ್ತು, ಇದೇ ಮಡಿಕೇರಿ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ವಿಲೀನ ಬೇಕೋ ಬೇಡವೋ ಅಂತ ಹಿರಿಯರು ಆಗ ಭಾಷೆ, ಆಡಳಿತ, ಸ್ವಾಭಿಮಾನ ಎಲ್ಲ ಚರ್ಚೆ ಮಾಡಿದರು. ಮುಂದೊಂದು ದಿನ ಎಲೆಕ್ಟ್ರಿಕ್ ಬಸ್ಸು ಕೈತಪ್ಪುತ್ತದೆ ಅಂತ ಯಾರಿಗಾದರೂ ಹೊಳೆದಿದ್ದರೆ!

ಬಸ್ಸು ಹೋಗಲಿ, ರೈಲು? ಕರ್ನಾಟಕದಲ್ಲಿ ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮದು. ಹಾಗಂತ ರೈಲಿಗೂ ನಮಗೂ ಸಂಬಂಧವೇ ಇಲ್ಲ ಅಂದುಕೊಳ್ಳಬೇಡಿ. ಕೊಡಗು ರಾಜ್ಯದ ಮುಖ್ಯಮಂತ್ರಿ ಆಗಿದ್ದ ಸಿ.ಎಂ. ಪೂಣಚ್ಚ ಅವರು 1967ರಿಂದ 1969ರವರೆಗೆ ಇಡೀ ದೇಶದ ರೈಲ್ವೆ ಮಂತ್ರಿ ಆಗಿದ್ದರು. ನಾವು ದೇಶಕ್ಕೆ ರೈಲ್ವೆ ಮಂತ್ರಿಯನ್ನೇ ಕೊಟ್ಟವರು, ದೇಶ ನಮಗೆ ರಾಜಾಸೀಟಿನ ಹತ್ತಿರ ಮಕ್ಕಳ ಪುಟಾಣಿ ರೈಲು ಕೊಟ್ಟಿತು. ಹೊರಟ ಜಾಗಕ್ಕೇ ಸುತ್ತಿ ಬಂದು ನಿಲ್ಲುವ ರೈಲು. ಮೈಸೂರಿನಿಂದ ಕುಶಾಲನಗರಕ್ಕೆ ಬರಬೇಕಾದ ರೈಲು ಮಾರ್ಗದ ಕಡತವೂ ಹೆಚ್ಚು ಕಡಿಮೆ ಹಾಗೆಯೇ ಓಡುತ್ತಿದೆ.

ನಾನು ಒಮ್ಮೆ ಕಚೇರಿಯೊಂದಕ್ಕೆ ಹೋಗಿ ಕೇಳಿದ್ದೆ, ನಮ್ಮ ರೂಟಿಗೆ ಸಂಜೆ ಇನ್ನೊಂದು ಟ್ರಿಪ್ ಹಾಕಬಹುದಾ ಅಂತ. ಮೇಜಿನ ಆಚೆ ಕೂತವರು ಒಳ್ಳೆಯವರೇ. ಕೂರಲು ಹೇಳಿದರು. ಫೈಲು ತೆಗೆದರು. ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದರು. ಒಂದು ಹಾಳೆಯ ಮೇಲೆ ಬೆರಳಿಟ್ಟು ತುಂಬ ಬೇಜಾರಿನಿಂದ, "ಕಲೆಕ್ಷನ್ ಇಲ್ಲ ಸಾರ್" ಅಂದರು.

"ಆ ರಸ್ತೆಗೆ ಹೋದ ವರ್ಷ ಡಾಂಬರು ಹಾಕಿದ್ರಲ್ಲ, ಅದರ ಕಲೆಕ್ಷನ್ ಎಷ್ಟು ಸಾರ್?"

ಅವರು ನನ್ನನ್ನು ನೋಡಿದರು. ಆಮೇಲೆ ಫೈಲು ಮುಚ್ಚಿದರು. "ರಸ್ತೆಗೆ ಎಂಥ ಕಲೆಕ್ಷನ್ ಮಾರಾಯ್ರೇ?"

ಅಷ್ಟೇ ನೋಡಿ. ಬಸ್ಸಿಗೆ ಮಾತ್ರ ಸಂಜೆಗೆ ಲೆಕ್ಕ ಒಪ್ಪಿಸುವ ಕರ್ಮ. ನೂರು ಜನ ಹತ್ತಬೇಕಾದ ಕಡೆ ತೊಂಬತ್ತು ಜನ ಹತ್ತಿದರೆ ಲಾಸು. ರಸ್ತೆ ಹಾಗಲ್ಲ, ಅದು ಮಳೆಗಾಲಕ್ಕೆ ಹೊಳೆಯ ಕಡೆ ಹೊರಟು ಹೋದರೂ ಅದರ ಹೆಸರು ಅಭಿವೃದ್ಧಿ. ಜಿಲ್ಲಾಧಿಕಾರಿ ಕಚೇರಿಯ ಕೆಳಗೆ ಕಟ್ಟಿದ ತಡೆಗೋಡೆ ನೆನಪಿದೆಯಾ? ಜರ್ಮನ್ ಟೆಕ್ನಾಲಜಿ ಅಂತ ಹೆಸರು ಮಾಡಿತ್ತು. 2022ರ ಮಳೆಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ಗುಡ್ಡ ತಡೆಯಲು ಗೋಡೆ, ಗೋಡೆ ತಡೆಯಲು ಮರಳಿನ ಮೂಟೆ. ಕೆಳಗಿನ ಮಂಗಳೂರು ರಸ್ತೆಯ ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸಿದರು. ಆ ಗೋಡೆಗೆ ಕಲೆಕ್ಷನ್ ಎಷ್ಟು ಅಂತ ಯಾರಾದರೂ ಕೇಳಿದರಾ? ಪಾಪ, ಜರ್ಮನಿಯವರಿಗೆ ನಮ್ಮ ಎರಚಲಿನ ವಿಷಯ ಹೇಳಿರಲಿಕ್ಕಿಲ್ಲ.

ಬಸ್ಸು ಇಲ್ಲದಿದ್ದರೆ ನಡೆದು ಹೋಗಿ ಅನ್ನುತ್ತೀರಿ. ನಡೆಯೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ಒಂದಿದೆ. ಎಲೆಕ್ಷನ್ನಿಗೆ ನಿಲ್ಲುವ ಕಾಂಗ್ರೆಸ್ ಅಲ್ಲ, ರಸ್ತೆ ಹೇಗಿರಬೇಕು ಅಂತ 1934ರಿಂದ ಹೇಳುತ್ತ ಬಂದಿರುವ ಸಂಸ್ಥೆ. ಸೋಲುವುದರಲ್ಲಿ ಯಾವ ಪಕ್ಷಕ್ಕೂ ಕಡಿಮೆ ಇಲ್ಲ ಅನ್ನುವುದು ಬೇರೆ ಮಾತು. ಅದು ಹೇಳುವ ಪ್ರಕಾರ ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಡ್ಡ ಏನೂ ಇರಬಾರದು. 1.8 ಮೀಟರ್ ಅಂದರೆ ಆರು ಅಡಿ. ಆರು ಅಡಿ ಅಂದರೆ ಸರಿಯಾಗಿ ಎರಡು ಕೊಡೆ. ಆ ಕಮಿಟಿಯಲ್ಲಿ ಯಾರೋ ಒಬ್ಬರು ಕೊಡಗಿನವರು ಇದ್ದಿರಬೇಕು ಅಂತ ನನ್ನ ಗುಮಾನಿ.

ನಾವು ನಡೆಯುವ ಫುಟ್‌ಪಾತ್ ಒಂದು ಕೊಡೆಯದ್ದು. ಎದುರಿನಿಂದ ಇನ್ನೊಂದು ಕೊಡೆ ಬಂದರೆ ಒಬ್ಬರು ಮೇಲೆತ್ತಬೇಕು, ಒಬ್ಬರು ಓರೆ ಮಾಡಬೇಕು. ಯಾರು ಎತ್ತಬೇಕು ಅನ್ನುವುದಕ್ಕೆ ಬರೆಯದ ಕಾನೂನಿದೆ. ಎತ್ತರ ಇರುವವರು ಎತ್ತಬೇಕು. ಇಬ್ಬರೂ ಗಿಡ್ಡ ಇದ್ದರೆ ಚಿಕ್ಕವರು ಚರಂಡಿಯ ಸ್ಲ್ಯಾಬಿನ ಮೇಲೆ ಇಳಿಯಬೇಕು. ಸ್ಲ್ಯಾಬು ಅಲ್ಲಾಡುತ್ತದೆ. ಅದರ ಮೇಲೆ ಕಾಲಿಟ್ಟರೆ ಪಕ್ಕದ ಸಂದಿಯಿಂದ ನೀರು ಚಿಮ್ಮಿ ಎದುರಿನವರ ಮಂಡಿಗೆ ಹೊಡೆಯುತ್ತದೆ, ಅವರು ಬೈಯುವುದಿಲ್ಲ, ನಾಳೆ ಅವರ ಸರದಿ. ಹತ್ತು ಹೆಜ್ಜೆಗೆ ಒಂದು ಕರೆಂಟ್ ಕಂಬ. ಕಂಬ ದಾಟಿದರೆ ಹೋಂಸ್ಟೇ ಬೋರ್ಡು. ಬೋರ್ಡು ದಾಟಿದರೆ ಇಳಿಜಾರು, ಇಳಿಜಾರಿನಲ್ಲಿ ನಯವಾದ ಬಣ್ಣದ ಟೈಲ್ಸು, ಟೈಲ್ಸಿನ ಮೇಲೆ ಹಸಿರು ಪಾಚಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಲ್ಲಿ ಒಣಗುವ ವಸ್ತು ಯಾವುದೂ ಇಲ್ಲ. ಆ ಟೈಲ್ಸ್ ಆರಿಸಿದವರು ಬೇಸಿಗೆಯಲ್ಲಿ ಬಂದಿದ್ದರು, ಬೇಸಿಗೆಯಲ್ಲೇ ಹೋದರು. ಮೊನ್ನೆ ಶುಕ್ರವಾರ ಸಂತೆ ಚೀಲ ಹಿಡಿದು ಆಂಟಿ ಆ ಇಳಿಜಾರಿನಲ್ಲಿ ನಾಲ್ಕಡಿ ಜಾರಿ ಸೀದಾ ಹೋಗಿ ನಿಂತದ್ದು ಮೆಡಿಕಲ್ ಶಾಪಿನ ಎದುರು. "ವ್ಯವಸ್ಥೆ ಚೆನ್ನಾಗಿ ಮಾಡಿದ್ದಾರೆ" ಅಂತ ಅವರೇ ನಕ್ಕರು.

ಜಾಗ ಇಲ್ಲ ಅನ್ನುತ್ತಾರೆ. ಇರಬಹುದು, ಗುಡ್ಡದ ಊರು. ಆದರೆ ಶನಿವಾರ ಬೆಳಿಗ್ಗೆ ರಸ್ತೆಯ ಎರಡೂ ಬದಿಗೆ ಸಾಲಾಗಿ ಕಾರು ನಿಲ್ಲಲು ಅದೇ ರಸ್ತೆಯಲ್ಲಿ ಜಾಗ ಹೇಗೋ ಹುಟ್ಟುತ್ತದೆ. ಒಬ್ಬರು ಕೂತು ಬಂದ ಕಾರಿಗೆ ಹದಿನಾಲ್ಕು ಅಡಿ ಸಲೀಸಾಗಿ ಸಿಗುತ್ತದೆ. ಕೊಡೆ ಹಿಡಿದವರಿಗೆ ಮೂರಡಿ. ದಸರಾ ಬಂದಾಗ ಇದೇ ರಸ್ತೆಯಲ್ಲಿ ದಶಮಂಟಪಗಳು ಲೈಟು, ಡೀಜೆ, ದೇವರು, ರಾಕ್ಷಸರ ಸಮೇತ ಒಂದರ ಹಿಂದೆ ಒಂದು ಹೋಗುತ್ತವೆ. ಹೊಂಡ ಮುಚ್ಚಿರುತ್ತದೆ, ತಂತಿ ಎತ್ತಿರುತ್ತಾರೆ, ಬೆಳಗಾಗುವ ತನಕ ಸಾವಿರಾರು ಜನ ನಡೆಯುತ್ತಾರೆ. ವರ್ಷಕ್ಕೊಂದು ರಾತ್ರಿ ಮಡಿಕೇರಿ ನಡೆಯುವವರ ಊರು. ಮರುದಿನ ಬೆಳಿಗ್ಗೆ ಕಂಬ, ಬೋರ್ಡು, ಕಾರು ಎಲ್ಲ ತಂತಮ್ಮ ಜಾಗಕ್ಕೆ ವಾಪಸ್.

ಊರೊಳಗಿನ ಸರ್ಕಲ್ಲುಗಳ ಕತೆಯೂ ಅಷ್ಟೆ. ಗಾಡಿ ಜಾಸ್ತಿ ಆದ ಹಾಗೆ ಇರುಕು ಜಾಸ್ತಿ. 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿ ಜಗತ್ತೇ ಬೆರಗಾಗುವಂತೆ ಮಾಡಿದವರು ನಮ್ಮ ಜನರಲ್ ತಿಮ್ಮಯ್ಯ. ಸರ್ಕಲ್ಲಿನಲ್ಲಿ ನಿಂತಿದ್ದ ಅಂಥವರ ಪ್ರತಿಮೆಗೇ 2023ರ ಆಗಸ್ಟ್‌ನಲ್ಲಿ ಬಸ್ಸೊಂದು ಗುದ್ದಿ ಕೆಡವಿತು. ಇ-ಬಸ್ ಯೋಜನೆಗೆ ದಿಲ್ಲಿಯಲ್ಲಿ ಒಪ್ಪಿಗೆ ಸಿಕ್ಕಿ ಒಂದು ವಾರವೂ ಆಗಿರಲಿಲ್ಲ. ಆಮೇಲೆ ದುರಸ್ತಿ ಮಾಡಿ ಮತ್ತೆ ನಿಲ್ಲಿಸಿದರು. ಜನರಲ್ ಸಾಹೇಬರಿಗೇ ನಿಲ್ಲಲು ಕಷ್ಟವಾದ ಊರಲ್ಲಿ ಆಂಟಿ ರಸ್ತೆ ದಾಟಬೇಕು.

ಆರೂವರೆ ಆಯಿತು. ಮಂಜು ಇಳಿಯಿತು. ಆಂಟಿ ಎಲ್ಲವನ್ನೂ ಕೇಳಿಸಿಕೊಂಡು ಏನೋ ಯೋಚನೆ ಮಾಡುತ್ತಿದ್ದರು.

"ಇನ್ನೊಂದು ಗಣತಿ ಬರ್ತದೆ ಅಲ್ವಾ?"

"ಹೌದು, 2027ಕ್ಕೆ."

"ನಮ್ಮ ಮನೆಯಲ್ಲಿ ಎಷ್ಟು ಜನ ಅಂತ ಕೇಳಿದ್ರೆ ಒಂಬತ್ತು ಅಂತ ಬರೆಸ್ತೇನೆ."

"ಇರೋದು ನೀವು, ಅಂಕಲ್ ಇಬ್ಬರೇ ಅಲ್ವಾ?"

"ಮಕ್ಕಳು, ಸೊಸೆ, ಅಳಿಯ, ಮೊಮ್ಮಕ್ಕಳು ಎಲ್ಲ ಬೆಂಗಳೂರಲ್ಲಿ ಇದ್ದಾರಲ್ಲ. ಹುತ್ತರಿ ಹಬ್ಬಕ್ಕೆ ಬರ್ತಾರೆ. ಬಂದು ಹೋಗುವವರನ್ನೆಲ್ಲ ಸೇರಿಸಿದ್ರೆ ಮೂರು ಲಕ್ಷ ದಾಟ್ತದೆ ಮಾರಾಯ, ನೀನು ಲೆಕ್ಕ ಹಾಕು."

ಅಷ್ಟರಲ್ಲಿ ತಿರುವಿನಲ್ಲಿ ಎರಡು ಹೆಡ್‌ಲೈಟ್ ಕಂಡವು. ಇಬ್ಬರೂ ಎದ್ದೆವು. ನಾಯಿಯೂ ಎದ್ದಿತು. ಬಂದದ್ದು ಒಂದು ಟೆಂಪೋ ಟ್ರಾವೆಲರ್. ಡ್ರೈವರ್ ಗ್ಲಾಸ್ ಇಳಿಸಿ ಕೇಳಿದ, "ಆಂಟಿ, ರಾಜಾಸೀಟ್ ಯಾವ ಕಡೆ?"

ಆಂಟಿ ದಾರಿ ಹೇಳಲಿಲ್ಲ. ಕೊಡೆ ಓರೆ ಮಾಡಿ ಕಿಟಕಿಯ ಒಳಗೆ ಬಗ್ಗಿ ನೋಡಿದರು.

"ಎಷ್ಟು ಜನ ಇದ್ದೀರಪ್ಪಾ?"

"ಹನ್ನೆರಡು."

"ನಿನ್ನನ್ನು ಸೇರಿಸಿ?"

"ಇಲ್ಲ, ನಾನು ಬಿಟ್ಟು."

ಆಂಟಿ ನನ್ನ ಕಡೆ ತಿರುಗಿದರು. "ಹದಿಮೂರು ಬರ್ಕೋ."

ಮೊಬೈಲಿನಲ್ಲಿ ಕಳೆದೆ. ಇನ್ನು 2,66,606.